27 ದೇಶ ಸುತ್ತಿದ ಪ್ರವಚನಕಾರರು: ವಿದೇಶ ಯಾತ್ರೆಯ ಮಾತನ್ನು ಪರಿಶೀಲಿಸುವುದು ಹೇಗೆ?

ಶ್ರಾವಣ ಬಂತೆಂದರೆ ದಾವಣಗೆರೆ, ಚಿತ್ರದುರ್ಗ ಸೀಮೆಯ ಗುಡಿ, ಮಠ, ಸಮುದಾಯ ಭವನಗಳಲ್ಲಿ ತಿಂಗಳುದ್ದಕ್ಕೂ ಪ್ರವಚನ. ಚರ್ಚುಗಳಲ್ಲಿ ಉಜ್ಜೀವನ ಕೂಟ, ಮಸೀದಿ ಬೀದಿಗಳಲ್ಲಿ ಜಲ್ಸಾ (ಧಾರ್ಮಿಕ ಸಭೆ) ವರ್ಷದ ನಾನಾ ಹೊತ್ತಿನಲ್ಲಿ ನಡೆಯುತ್ತವೆ. ಮಾತಾಡುವವರು ಹೊರಗಿನಿಂದ ಬರುವವರಾದರೆ ಅವರಿಗಿಂತ ಮೊದಲು ಅವರ ಪರಿಚಯದ ಪ್ಯಾರಾ ವಾಟ್ಸಾಪಿನಲ್ಲಿ ಸಮಿತಿಯವರ ಕೈ ಸೇರಿರುತ್ತದೆ. ಅದು ಹಾಗೇ ಕರಪತ್ರಕ್ಕೆ ಹೋಗುತ್ತದೆ, ಕರಪತ್ರದಿಂದ ಫ್ಲೆಕ್ಸಿಗೆ, ಫ್ಲೆಕ್ಸಿನಿಂದ ಮರುದಿನದ ಪತ್ರಿಕಾ ವರದಿಗೆ. ಮೂರು ವರ್ಷ ಕಳೆದ ಮೇಲೆ ಯಾರಾದರೂ ಪುರಾವೆ ಕೇಳಿದರೆ ಆ ಪತ್ರಿಕೆಯ ತುಣುಕನ್ನೇ ಮುಂದಿಡುತ್ತಾರೆ. ಹೇಳಿದವರೂ ಅವರೇ, ಸಾಕ್ಷಿಯೂ ಅವರದೇ.

ಇಂಥ ಪ್ಯಾರಾ ಹೆಚ್ಚುಕಡಿಮೆ ಹೀಗಿರುತ್ತದೆ: "ಅಮೆರಿಕ, ಇಂಗ್ಲೆಂಡ್ ಸೇರಿದಂತೆ 27 ದೇಶಗಳಲ್ಲಿ ಧರ್ಮಪ್ರಚಾರ ಕೈಗೊಂಡ, ಲಂಡನ್ ಪಾರ್ಲಿಮೆಂಟಿನಲ್ಲಿ ಸನ್ಮಾನಿತರಾದ, ವಿಶ್ವಸಂಸ್ಥೆಯಲ್ಲಿ ಉಪನ್ಯಾಸ ನೀಡಿದ, ಅಂತಾರಾಷ್ಟ್ರೀಯ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟ್ ಪುರಸ್ಕೃತ..." ಇದು ಮಾದರಿ ಮಾತ್ರ, ಯಾರೊಬ್ಬರದ್ದೂ ಅಲ್ಲ. ಆದರೆ ಕರಪತ್ರ ಓದಿದವರಿಗೆ ಹೊಸದೇನೂ ಅನ್ನಿಸಲಿಕ್ಕಿಲ್ಲ.

ಪರಿಶೀಲನೆಗೆ ಕೂರುವವರು ಮೊದಲು ಮಾಡುವ ತಪ್ಪು "ಇವರು ಹೋಗಿದ್ದರೋ ಇಲ್ಲವೋ" ಎಂದು ಹುಡುಕಲು ಹೊರಡುವುದು. ಹೋಗದೇ ಹೋಗಿದ್ದೆ ಎನ್ನುವವರು ಕಡಿಮೆ. ಹೋದದ್ದು ನಿಜ, ಹೇಳಿದ್ದು ಹಿಗ್ಗಿದ್ದು ಎಂಬುದೇ ಹೆಚ್ಚು. ಆದ್ದರಿಂದ ಒಂದು ವಾಕ್ಯವನ್ನು ನಾಲ್ಕಾಗಿ ಒಡೆಯಬೇಕು. ಆ ದೇಶಕ್ಕೆ ಆ ದಿನ ಹೋಗಿದ್ದರೇ? ಯಾವ ಕಟ್ಟಡದ ಯಾವ ಕೋಣೆಯಲ್ಲಿ ಮಾತಾಡಿದರು? ಕರೆದವರು ಯಾರು? ಖರ್ಚು ಯಾರದು? ಮೊದಲನೆಯದಕ್ಕೆ "ಹೌದು" ಸಿಕ್ಕ ಕೂಡಲೇ ಉಳಿದ ಮೂರಕ್ಕೂ ಹೌದು ಅಂದುಕೊಳ್ಳುವುದರಿಂದಲೇ ಸಮಿತಿಗಳು ಮೋಸಹೋಗುತ್ತವೆ.

ಯಾವ ಕೋಣೆ?

ಲಂಡನ್ನಿನಿಂದಲೇ ಶುರು ಮಾಡೋಣ. ಬ್ರಿಟಿಷ್ ಸಂಸತ್ತಿನ ಕೆಳಮನೆ, ಮೇಲ್ಮನೆಗಳ ಕಲಾಪದಲ್ಲಿ ಸದಸ್ಯರಲ್ಲದವರು ಸಾಮಾನ್ಯವಾಗಿ ಮಾತಾಡುವಂತಿಲ್ಲ. ಅಲ್ಲಿ ಆಡಿದ ಮಾತೆಲ್ಲ ಹ್ಯಾನ್ಸರ್ಡ್ ಎಂಬ ಅಧಿಕೃತ ದಾಖಲೆಯಲ್ಲಿ ಅಚ್ಚಾಗುತ್ತದೆ, ಯಾರು ಬೇಕಾದರೂ ಪುಕ್ಕಟೆ ಹುಡುಕಬಹುದು. ಆದರೆ ಅದೇ ಆವರಣದಲ್ಲಿ ಸಮಿತಿ ಕೊಠಡಿಗಳಿವೆ, ಊಟದ ಹಾಲ್‌ಗಳಿವೆ. ಒಬ್ಬ ಸಂಸದರೋ ಲಾರ್ಡ್ ಸದಸ್ಯರೋ ಆತಿಥೇಯರಾಗಿ ನಿಂತರೆ ಸಂಘಸಂಸ್ಥೆಗಳು ಅಲ್ಲಿ ಕಾರ್ಯಕ್ರಮ ಮಾಡಿಕೊಳ್ಳಬಹುದು. ಶಾಲು, ಫಲಕ, ಫೋಟೊ ಎಲ್ಲವೂ ನಡೆಯುತ್ತವೆ. ಇದು ಸುಳ್ಳಲ್ಲ, ಆದರೆ ಸನ್ಮಾನಿಸಿದ್ದು ಆ ಸಂಘ, ಪಾರ್ಲಿಮೆಂಟ್ ಅಲ್ಲ. ಹೀಗಾಗಿ ಕೇಳಬೇಕಾದದ್ದು ಎರಡೇ: ಕೋಣೆಯ ಹೆಸರೇನು, ಆತಿಥೇಯ ಸದಸ್ಯರು ಯಾರು. ನಿಜವಾಗಿ ಹೋದವರಿಗೆ ಎರಡೂ ನೆನಪಿರುತ್ತವೆ, ಏಕೆಂದರೆ ಆಹ್ವಾನ ಪತ್ರಿಕೆಯಲ್ಲಿ ಎರಡೂ ಇರುತ್ತವೆ, ಭದ್ರತಾ ತಪಾಸಣೆಯಲ್ಲೂ ಹೇಳಬೇಕಾಗುತ್ತದೆ.

ವೆಸ್ಟ್‌ಮಿನ್‌ಸ್ಟರ್ ಹಾಲ್ ಎಂಬ ಹಳೆಯ ದೊಡ್ಡ ಹಜಾರದಲ್ಲಿ ಪ್ರವಾಸಿಗರೂ ಫೋಟೊ ತೆಗೆಯಬಹುದು. ಕಲ್ಲಿನ ಮೆಟ್ಟಿಲು, ಮರದ ಭಾರಿ ಚಾವಣಿ ಕಂಡ ಕೂಡಲೇ ಅಧಿವೇಶನದ ಜಾಗ ಎಂದುಕೊಳ್ಳಬಾರದು. ನಮ್ಮ ಕಡೆಯವರಿಗೆ ಇನ್ನೂ ಹತ್ತಿರದ ಉದಾಹರಣೆ ಬಸವೇಶ್ವರರ ಪ್ರತಿಮೆ. ಥೇಮ್ಸ್ ನದಿಯ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ದಂಡೆಯಲ್ಲಿರುವ ಅದನ್ನು 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದರು. ನದಿಯಾಚೆ ಪಾರ್ಲಿಮೆಂಟ್ ಕಟ್ಟಡ ಕಾಣುತ್ತದೆ. ಲಂಡನ್ನಿಗೆ ಹೋದ ದಾವಣಗೆರೆಯವರು ಅಲ್ಲಿ ನಿಂತು ಒಂದು ಫೋಟೊ ತೆಗೆಸಿಕೊಳ್ಳದೇ ಬರುವುದಿಲ್ಲ, ಬರಬಾರದು ಕೂಡ. ಆದರೆ ಅದು ರಸ್ತೆ ಬದಿಯ ಸಾರ್ವಜನಿಕ ಜಾಗ. ಮೇಲಾಗಿ ಆ ಫೋಟೊಕ್ಕೆ 2013 ಎಂಬ ಇಸವಿ ಬರೆದಿದ್ದರೆ ಅಲ್ಲಿಗೆ ಕೆಲಸ ಮುಗಿಯಿತು.

ವಿಶ್ವಸಂಸ್ಥೆಯ ಕಥೆಯೂ ಹೀಗೇ. ನ್ಯೂಯಾರ್ಕಿನ ಪ್ರಧಾನ ಕಚೇರಿಗೆ ಟಿಕೆಟ್ ಕೊಂಡರೆ ಗೈಡ್ ಜೊತೆ ಒಳಗೆ ಹೋಗಬಹುದು, ಸಾಮಾನ್ಯ ಸಭೆಯ ಸುಮಾರು 1,800 ಆಸನಗಳ ಹಾಲನ್ನೂ ನೋಡಬಹುದು. ಪ್ರವಾಸಿಯ ಫೋಟೊದಲ್ಲಿ ಹಸಿರು ಅಮೃತಶಿಲೆಯ ವೇದಿಕೆ ದೂರದಲ್ಲಿ, ಬೆನ್ನ ಹಿಂದೆ ಇರುತ್ತದೆ. ಉಪನ್ಯಾಸಕರ ಫೋಟೊದಲ್ಲಿ ಎದುರಿಗೆ ಮೈಕು, ದೇಶಗಳ ನಾಮಫಲಕ ಇರುತ್ತವೆ. ಇದರ ನಡುವೆ ಮೂರನೆಯ ಬಗೆಯೊಂದಿದೆ. ವಿಶ್ವಸಂಸ್ಥೆಯ ಆರ್ಥಿಕ ಮತ್ತು ಸಾಮಾಜಿಕ ಮಂಡಳಿಯ ಸಮಾಲೋಚಕ ಸ್ಥಾನ ಪಡೆದ ಸಾವಿರಾರು ಖಾಸಗಿ ಸಂಸ್ಥೆಗಳು ದೊಡ್ಡ ಅಧಿವೇಶನಗಳ ಹೊತ್ತಿನಲ್ಲಿ ಉಪಸಭೆಗಳನ್ನು ನಡೆಸುತ್ತವೆ. ಅಂಥ ಎಷ್ಟೋ ಸಭೆಗಳು ನಡೆಯುವುದು ರಸ್ತೆಯಾಚೆಯ 777, ಯುನೈಟೆಡ್ ನೇಷನ್ಸ್ ಪ್ಲಾಜಾ ಎಂಬ ವಿಳಾಸದ ಚರ್ಚ್ ಸೆಂಟರ್ ಕಟ್ಟಡದಲ್ಲಿ. 1963ರಲ್ಲಿ ತೆರೆದ ಅದು ಮೆಥಡಿಸ್ಟ್ ಮಹಿಳಾ ಸಂಸ್ಥೆಯ ಆಸ್ತಿ, ವಿಶ್ವಸಂಸ್ಥೆಯದಲ್ಲ. ವಿಳಾಸ ಓದಿದವರು ಯಾಮಾರುವುದು ಸಹಜ. ವಿಶ್ವಸಂಸ್ಥೆಯ ಒಳಗಿನ ಸಭೆಗಳ ಪಟ್ಟಿ ಪ್ರತಿದಿನ ಅದರ ಜರ್ನಲ್‌ನಲ್ಲಿ ಪ್ರಕಟವಾಗುತ್ತದೆ, ಅಧಿಕೃತ ಸಭೆಗಳ ವಿಡಿಯೊ ಅದರದೇ ವೆಬ್ ಟಿವಿಯಲ್ಲಿ ಉಳಿದಿರುತ್ತದೆ. ತಾರೀಖು ಗೊತ್ತಿದ್ದರೆ ಅರ್ಧ ಗಂಟೆಯ ಕೆಲಸ.

"ವಿವೇಕಾನಂದರು ಮಾತಾಡಿದ ವೇದಿಕೆಯಲ್ಲೇ ಮಾತಾಡಿದರು" ಎಂಬ ಸಾಲು ಇನ್ನೂ ಕುತೂಹಲದ್ದು. 1893ರ ಸೆಪ್ಟೆಂಬರ್ 11ರಂದು ಶುರುವಾದ ಸರ್ವಧರ್ಮ ಸಮ್ಮೇಳನ ನಡೆದದ್ದು ಈಗ ಶಿಕಾಗೊ ಆರ್ಟ್ ಇನ್‌ಸ್ಟಿಟ್ಯೂಟ್ ಇರುವ ಕಟ್ಟಡದಲ್ಲಿ, ಆ ಸಂದರ್ಭಕ್ಕೆಂದೇ ಕಟ್ಟಿದ ತಾತ್ಕಾಲಿಕ ಸಭಾಂಗಣದಲ್ಲಿ. ಆ ವೇದಿಕೆ ಈಗಿಲ್ಲ. ಸಮ್ಮೇಳನವೇನೋ ಮುಂದುವರಿದಿದೆ: 1993 ಶಿಕಾಗೊ, 1999 ಕೇಪ್‌ಟೌನ್, 2004 ಬಾರ್ಸಿಲೋನಾ, 2009 ಮೆಲ್ಬರ್ನ್, 2015 ಸಾಲ್ಟ್ ಲೇಕ್ ಸಿಟಿ, 2018 ಟೊರೊಂಟೊ, 2021ರದ್ದು ಪೂರ್ತಿ ಆನ್‌ಲೈನ್, 2023 ಮತ್ತೆ ಶಿಕಾಗೊ. ಈ ಪಟ್ಟಿಯ ಹೊರಗಿನ ಇಸವಿ ಹೇಳಿದರೆ, ಅಥವಾ 2021ರ ಸಮ್ಮೇಳನಕ್ಕೆ "ವಿಮಾನವೇರಿ" ಹೋದರೆ, ಮುಂದೆ ಹುಡುಕುವ ಅಗತ್ಯವಿಲ್ಲ. ಇಸವಿ ಸರಿಯಿದ್ದರೂ ಅಲ್ಲಿ ಏಕಕಾಲಕ್ಕೆ ಹತ್ತಾರು ಗೋಷ್ಠಿಗಳು, ನೂರಾರು ಭಾಷಣಕಾರರು. ಅರ್ಜಿ ಹಾಕಿ ಗೋಷ್ಠಿ ಪಡೆಯಬಹುದು, ಶುಲ್ಕ ಕಟ್ಟಿ ಸುಮ್ಮನೆ ಕೇಳಿಯೂ ಬರಬಹುದು. ಕೊರಳಲ್ಲಿನ ಬ್ಯಾಡ್ಜು ಇಬ್ಬರಿಗೂ ಇರುತ್ತದೆ. ಭಾಷಣಕಾರರ ಹೆಸರು ಇರುವುದು ಕಾರ್ಯಕ್ರಮ ಪಟ್ಟಿಯಲ್ಲಿ.

ವಿವೇಕಾನಂದರ ಯಾತ್ರೆಯೇ ಪರಿಶೀಲನೆಗೆ ಒಳ್ಳೆಯ ಪಾಠ. 1893ರ ಮೇ 31ರಂದು ಮುಂಬಯಿಯಿಂದ ಹಡಗು ಹತ್ತಿ, ಕೊಲಂಬೊ, ಸಿಂಗಾಪುರ, ಹಾಂಗ್‌ಕಾಂಗ್, ಜಪಾನ್ ದಾಟಿ, ಜುಲೈ ಕೊನೆಯಲ್ಲಿ ವ್ಯಾಂಕೂವರ್ ಮೂಲಕ ಶಿಕಾಗೊ ಸೇರಿದ್ದಕ್ಕೆ ಅವರದೇ ಪತ್ರಗಳಿವೆ, ಅಲ್ಲಿನ ಪತ್ರಿಕೆಗಳ ವರದಿಗಳಿವೆ, ಸಮ್ಮೇಳನದವರೇ ಅದೇ ವರ್ಷ ಎರಡು ಸಂಪುಟಗಳಲ್ಲಿ ಪ್ರಕಟಿಸಿದ ಅಧಿಕೃತ ವರದಿ ಇದೆ. ಇಂಟರ್‌ನೆಟ್ ಇಲ್ಲದ ಕಾಲದ ಯಾತ್ರೆಯೇ ಇಷ್ಟು ಗುರುತು ಬಿಟ್ಟಿರುವಾಗ, ಹತ್ತು ವರ್ಷದ ಹಿಂದೆ ಸಾವಿರಾರು ಜನರೆದುರು ನಡೆದ ಸಭೆಗೆ ಪ್ರವಚನಕಾರರ ಆಲ್ಬಂ ಬಿಟ್ಟು ಬೇರೆಲ್ಲೂ ಗುರುತೇ ಇಲ್ಲವೆಂದರೆ ಅನುಮಾನ ಬರಲೇಬೇಕು.

ಜಾಗದ ಗಾತ್ರವನ್ನೂ ನೋಡಬೇಕು. ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಎಂದರೆ ಸುಮಾರು 20 ಸಾವಿರ ಜನರ ಕ್ರೀಡಾಂಗಣ. ಅದೇ ಕಟ್ಟಡದಲ್ಲಿ ಐದೂವರೆ ಸಾವಿರ ಜನ ಹಿಡಿಯುವ ಥಿಯೇಟರೂ ಇದೆ. ಸಿಡ್ನಿ ಒಪೆರಾ ಹೌಸ್‌ನಲ್ಲಿ ದೊಡ್ಡ ಕನ್ಸರ್ಟ್ ಹಾಲ್ ಇರುವಂತೆ ಇನ್ನೂರು ಜನರ ಉಟ್ಜಾನ್ ರೂಮ್ ಕೂಡ ಇದೆ. ಎರಡನ್ನೂ ಬಾಡಿಗೆಗೆ ಕೊಡುತ್ತಾರೆ. ಟೈಮ್ಸ್ ಸ್ಕ್ವೇರಿನ ಪರದೆಯಲ್ಲಿ ಫೋಟೊ ಬಂತು ಎಂಬುದಂತೂ ಗೌರವವೇ ಅಲ್ಲ. ಕೆಲವು ಪರದೆಗಳಲ್ಲಿ ಹದಿನೈದು ಸೆಕೆಂಡನ್ನು ಕೆಲವೇ ಸಾವಿರ ರೂಪಾಯಿಗೆ ಯಾರು ಬೇಕಾದರೂ ಕೊಳ್ಳಬಹುದು.

ತಾರೀಖು, ಗಡಿಯಾರ

ಊರಲ್ಲೇ ಕೂತು, ಯಾರನ್ನೂ ಕೇಳದೆ ಮಾಡಬಹುದಾದ ಪರಿಶೀಲನೆ ಇದು. ದಾವಣಗೆರೆಯಲ್ಲಿ ರಾತ್ರಿ 9ಕ್ಕೆ ಕಾರ್ಯಕ್ರಮ ಮುಗಿಸಿ ಒಂಬತ್ತೂವರೆಗೆ ಕಾರು ಹತ್ತಿದರೆ ಹಿರಿಯೂರು, ಶಿರಾ ದಾಟಿ ದೇವನಹಳ್ಳಿ ವಿಮಾನ ನಿಲ್ದಾಣಕ್ಕೆ ಸುಮಾರು ಐದು ತಾಸು. ಎರಡೂವರೆಗೆ ತಲುಪಿ, ಮೂರು ತಾಸು ಮೊದಲೇ ಇರಬೇಕೆಂಬ ನಿಯಮ ಸೇರಿಸಿದರೆ ಬೆಳಗಿನ ಐದೂವರೆಗಿಂತ ಮೊದಲಿನ ವಿಮಾನ ಸಿಗದು. ಲಂಡನ್ನಿಗೆ ನೇರ ವಿಮಾನವಾದರೂ ಹತ್ತೂವರೆ ತಾಸು. ಬೇಸಿಗೆಯಲ್ಲಿ ಅವರ ಗಡಿಯಾರ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ಐದೂವರೆ. ಅಂದರೆ ಬೇಸಿಗೆಯಲ್ಲಿ ಇಳಿಯುವುದು ಅಲ್ಲಿನ ಬೆಳಿಗ್ಗೆ ಹನ್ನೊಂದೂವರೆಗೆ. ಇಮಿಗ್ರೇಷನ್, ಲಗೇಜು ಮುಗಿಸಿ ಊರೊಳಗೆ ಹೋಗುವಾಗ ಮಧ್ಯಾಹ್ನ. ಆ ದಿನ ಸಂಜೆಯ ಸಭೆ ಸಾಧ್ಯ, ಬೆಳಗಿನ ಪೂಜೆ ಸಾಧ್ಯವಿಲ್ಲ.

ಅಮೆರಿಕದಿಂದ ವಾಪಸಾಗುವಾಗ ಒಂದು ದಿನ ಮಾಯವಾಗುತ್ತದೆ. ನ್ಯೂಯಾರ್ಕಿನಲ್ಲಿ ಶನಿವಾರ ರಾತ್ರಿ 10ಕ್ಕೆ ಹೊರಟು, ಒಂದು ಕಡೆ ವಿಮಾನ ಬದಲಿಸಿ, ಸುಮಾರು 20 ತಾಸಿನಲ್ಲಿ ಬೆಂಗಳೂರು ಮುಟ್ಟಿದರೆ ಇಲ್ಲಿ ಸೋಮವಾರ ನಸುಕಿನ ಮೂರೂವರೆ. ಶನಿವಾರ ರಾತ್ರಿ ಅಲ್ಲಿ ಸತ್ಸಂಗ, ಭಾನುವಾರ ಸಂಜೆ ಹರಿಹರದಲ್ಲಿ ಆಶೀರ್ವಚನ ಎಂದು ಇದ್ದರೆ ಎರಡರಲ್ಲೊಂದು ನಡೆದಿಲ್ಲ. ಇದಕ್ಕೆ ಜನತಾವಾಣಿಯಂಥ ಸ್ಥಳೀಯ ಪತ್ರಿಕೆಗಳ ಹಳೆಯ ಸಂಚಿಕೆ ಬಹಳ ಉಪಯೋಗಕ್ಕೆ ಬರುತ್ತವೆ. ಅವರು ವಿದೇಶದಲ್ಲಿದ್ದರು ಎನ್ನುವುದನ್ನು ಸಾಬೀತು ಮಾಡುವುದು ಕಷ್ಟ. ಆ ದಿನ ಜಗಳೂರಿನ ಮದುವೆಯಲ್ಲಿದ್ದರು ಎಂಬುದು ಒಂದು ಮೂಲೆಯ ಸುದ್ದಿಯಲ್ಲೇ ಸಿಕ್ಕಿಬಿಡುತ್ತದೆ.

ಇನ್ನು ಕೆಲವು ತಾರೀಖುಗಳನ್ನು ಕೈಯಲ್ಲಿಟ್ಟುಕೊಂಡಿರಬೇಕು. ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದದ್ದು 2008ರ ಮೇನಲ್ಲಿ. ಅದಕ್ಕೂ ಮೊದಲು ಎಚ್‌ಎಎಲ್. ಬಿದಿರಿನ ಚಾವಣಿಯ ಎರಡನೇ ಟರ್ಮಿನಲ್‌ನಿಂದ ಅಂತಾರಾಷ್ಟ್ರೀಯ ವಿಮಾನಗಳು ಹೊರಟದ್ದು 2023ರ ಸೆಪ್ಟೆಂಬರ್ 12ರಿಂದ. 2019ರ ಲಂಡನ್ ಯಾತ್ರೆಗೆ ಬೀಳ್ಕೊಡುವ ಫೋಟೊದಲ್ಲಿ ಆ ಬಿದಿರು ಕಂಡರೆ ಫೋಟೊ ಬೇರೆ ಸಲದ್ದು. ಕೋವಿಡ್ ಕಾಲದಲ್ಲಿ ಭಾರತ 2020ರ ಮಾರ್ಚ್ 23ರಿಂದ 2022ರ ಮಾರ್ಚ್ 27ರವರೆಗೆ ನಿಗದಿತ ಅಂತಾರಾಷ್ಟ್ರೀಯ ವಿಮಾನ ಸಂಚಾರ ನಿಲ್ಲಿಸಿತ್ತು. ವಿಶೇಷ ಒಪ್ಪಂದದ ವಿಮಾನಗಳಿದ್ದವು, ಆದ್ದರಿಂದ ದುಬೈ, ಅಮೆರಿಕ ಅಸಾಧ್ಯವಲ್ಲ. ಆಸ್ಟ್ರೇಲಿಯಾ ಮಾತ್ರ 2022ರ ಫೆಬ್ರವರಿ 21ರವರೆಗೆ ಪ್ರವಾಸಿಗರಿಗೆ ಬಾಗಿಲು ಮುಚ್ಚಿತ್ತು. 2020 ಮತ್ತು 2021ರ ಹಜ್‌ಗೆ ಸೌದಿಯೊಳಗೆ ಇದ್ದವರಿಗಷ್ಟೇ ಅವಕಾಶವಿತ್ತು. ಆ ವರ್ಷ ಇಲ್ಲಿಂದ ಹೋಗಿ ಹಜ್ ಮಾಡಿಬಂದೆ ಎಂಬುದು ನಡೆಯದ ಮಾತು. ಸರ್ಕಾರದ ಕೈಲಾಸ ಮಾನಸ ಸರೋವರ ಯಾತ್ರೆ 2020ರಿಂದ 2024ರವರೆಗೆ ನಿಂತಿತ್ತು, 2025ರಲ್ಲಿ ಮತ್ತೆ ತೆರೆಯಿತು. ಅಮೆರಿಕದ ಅಕ್ಕ ವಿಶ್ವ ಕನ್ನಡ ಸಮ್ಮೇಳನ ಎರಡು ವರ್ಷಕ್ಕೊಮ್ಮೆ: 2016ರದ್ದು ಅಟ್ಲಾಂಟಿಕ್ ಸಿಟಿಯಲ್ಲಿ, 2018ರದ್ದು ಡಲ್ಲಾಸ್‌ನಲ್ಲಿ. 2017ರ ಅಕ್ಕ ಎಂಬುದೊಂದಿಲ್ಲ.

ಹಳೆಯ ಪ್ರಮಾಣಪತ್ರಗಳಿಗೆ ನಮ್ಮದೇ ಊರಿನ ಚರಿತ್ರೆ ಸಾಕು. ದಾವಣಗೆರೆ ಜಿಲ್ಲೆ ಆದದ್ದು 1997ರ ಆಗಸ್ಟ್ 15ರಂದು. ಅದಕ್ಕೆ ಮುಂಚೆ ಅದು ಚಿತ್ರದುರ್ಗ ಜಿಲ್ಲೆಯ ತಾಲ್ಲೂಕು. 1994ರ ತಾರೀಖು ಹಾಕಿ "ದಾವಣಗೆರೆ ಜಿಲ್ಲೆ" ಎಂದು ಬರೆದ ವಿದೇಶಿ ಬಿರುದು ಪತ್ರ 1994ರಲ್ಲಿ ಅಚ್ಚಾದದ್ದಲ್ಲ. ಯೂರೋ ನೋಟು ಕೈಗೆ ಬಂದದ್ದು 2002ರ ಜನವರಿ 1ರಿಂದ. 1998ರಲ್ಲಿ ಜರ್ಮನಿಯ ಭಕ್ತರು ಯೂರೋ ನೋಟಿನ ಹಾರ ಹಾಕಿದ ಕಥೆಗೂ ಅದೇ ಗತಿ.

ಪಾಸ್‌ಪೋರ್ಟ್ ಹೇಳುವುದು, ಹೇಳದಿರುವುದು

"ಬುದ್ಧೀ, ಒಂಚೂರು ಪಾಸ್‌ಪೋರ್ಟ್ ತೋರಿಸ್ತೀರಾ" ಎಂದು ಸಮಿತಿಯವರು ಕೇಳುವುದಿಲ್ಲ, ಕೇಳಲು ನಾಲಿಗೆ ಏಳುವುದಿಲ್ಲ. ಕೇಳಿದರೂ ಅದರಿಂದ ಸಿಗುವುದು ಅಂದುಕೊಂಡಷ್ಟಿಲ್ಲ. ವೀಸಾ ಚೀಟಿ ಹೋಗಲು ಸಿಕ್ಕ ಅನುಮತಿ, ಹೋದ ಪುರಾವೆಯಲ್ಲ. ಅಮೆರಿಕದ ವೀಸಾ ಹತ್ತು ವರ್ಷದ್ದಿರುತ್ತದೆ, ಒಮ್ಮೆಯೂ ಹೋಗದೆ ಮುಗಿದುಹೋಗಬಹುದು. ಹೋದದ್ದಕ್ಕೆ ಮೊಹರು ಬೇಕು. ಆದರೆ ಮೊಹರು ಇಲ್ಲದ್ದು ಹೋಗದ್ದಕ್ಕೆ ಪುರಾವೆಯಲ್ಲ. ಇಸ್ರೇಲ್ 2013ರಿಂದ ಮೊಹರು ಬದಲು ಸಣ್ಣ ನೀಲಿ ಚೀಟಿ ಕೊಡುತ್ತದೆ. ಜೆರುಸಲೇಮಿಗೆ ಹೋಗಿಬಂದ ಪಾಸ್ಟರ್ ಪಾಸ್‌ಪೋರ್ಟ್ ಖಾಲಿ ಇರುವುದು ಸಹಜ. ಹಾಂಗ್‌ಕಾಂಗ್‌ನದೂ ಚೀಟಿ. ಸಿಂಗಾಪುರದಲ್ಲಿ ಎಲ್ಲ ಇಲೆಕ್ಟ್ರಾನಿಕ್. ಯುರೋಪಿನ ಶೆಂಗೆನ್ ದೇಶಗಳು 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಮೊಹರು ಬಿಟ್ಟು ಬೆರಳಚ್ಚು, ಮುಖಚಿತ್ರದ ದಾಖಲೆಗೆ ಹೊರಳಿವೆ.

"27 ದೇಶ" ಎಂಬ ಲೆಕ್ಕ ಹುಟ್ಟುವುದೂ ಶೆಂಗೆನ್‌ನಿಂದಲೇ. ಈಗ 29 ದೇಶಗಳಿಗೆ ಒಂದೇ ವೀಸಾ. ಒಳಗೆ ಹೋಗುವಾಗ ಒಂದು ಸಲ ದಾಖಲೆ, ಹೊರಗೆ ಬರುವಾಗ ಒಂದು ಸಲ. ನಡುವೆ ಗಡಿ ದಾಟಿದ್ದು ಬಸ್ಸಿನ ಕಿಟಕಿಯಲ್ಲೇ. ಹತ್ತು ಹನ್ನೆರಡು ದಿನದ ಪ್ಯಾಕೇಜ್ ಟೂರ್‌ನಲ್ಲಿ ಫ್ರಾನ್ಸ್, ಬೆಲ್ಜಿಯಂ, ನೆದರ್‌ಲ್ಯಾಂಡ್ಸ್, ಜರ್ಮನಿ, ಸ್ವಿಟ್ಜರ್‌ಲೆಂಡ್, ಲಿಕ್ಟೆನ್‌ಸ್ಟೈನ್, ಆಸ್ಟ್ರಿಯಾ, ಇಟಲಿ, ವ್ಯಾಟಿಕನ್ ಸೇರಿ ಒಂಬತ್ತು ಆಗಿಬಿಡುತ್ತವೆ. ಹೋಗುವಾಗ ದೋಹಾ, ಬರುವಾಗ ದುಬೈ ಸೇರಿಸಿದರೆ ಹನ್ನೊಂದು. ದೇಶಗಳ ಎಣಿಕೆ ಸರಿ, "ಧರ್ಮಪ್ರಚಾರ" ಎಂಬ ಪದಕ್ಕೆ ಮಾತ್ರ ಜಾಗವೇ ಇಲ್ಲ. ಸಮಿತಿಯವರು ದೇಶದ ಪಟ್ಟಿಗೆ ಬದಲು ಸಭೆಯ ಪಟ್ಟಿ ಕೇಳಿದರೆ ಸಂಖ್ಯೆ ತಾನಾಗೇ ಇಳಿಯುತ್ತದೆ.

ಅಮೆರಿಕಕ್ಕೆ ಹೋದವರಿಗೆ ಒಂದು ಸುಲಭ ದಾರಿಯಿದೆ. ಅಲ್ಲಿನ ಗಡಿ ಇಲಾಖೆಯ ಐ-94 ಜಾಲತಾಣದಲ್ಲಿ ಹೆಸರು, ಹುಟ್ಟಿದ ದಿನ, ಪಾಸ್‌ಪೋರ್ಟ್ ಸಂಖ್ಯೆ ಕೊಟ್ಟರೆ ಬಂದ ದಿನ, ಹೋದ ದಿನಗಳ ಪಟ್ಟಿ ಪುಕ್ಕಟೆ ಸಿಗುತ್ತದೆ. ತೆಗೆಯಬೇಕಾದದ್ದು ಪ್ರಯಾಣಿಕರೇ, ಇನ್ನೊಬ್ಬರ ವಿವರ ಹಾಕಿ ತೆಗೆಯುವುದು ತಪ್ಪು. ಬೋರ್ಡಿಂಗ್ ಪಾಸ್ ತೋರಿಸಿದರೆ ಒಂದನ್ನು ಗಮನಿಸಿ: ಅದರಲ್ಲಿ ದಿನ, ತಿಂಗಳು ಇರುತ್ತವೆ, ಇಸವಿ ಎಷ್ಟೋ ಸಲ ಇರುವುದಿಲ್ಲ. ಪಾಸ್‌ಪೋರ್ಟ್ 2018ರಲ್ಲಿ ಕೊಟ್ಟದ್ದಾಗಿ, ಯಾತ್ರೆ 2005ರದ್ದಾದರೆ ಹಳೆಯ ಪುಸ್ತಕ ಬೇಕು. ಅದರ ಸಂಖ್ಯೆ ಸಾಮಾನ್ಯವಾಗಿ ಹೊಸದರ ಕೊನೆಯ ಪುಟದಲ್ಲಿ ನಮೂದಾಗಿರುತ್ತದೆ. ನೋಡುವುದಾದರೆ ಇಬ್ಬರು ಎದುರಿಗೆ ಕೂತು ನೋಡಿ, ತಾರೀಖಷ್ಟೇ ಬರೆದುಕೊಳ್ಳಬೇಕು. ಪುಟಗಳ ಫೋಟೊ ತೆಗೆದು ಗುಂಪಿಗೆ ಹಾಕುವುದು ಬೇಡವೇ ಬೇಡ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಇನ್ನೊಬ್ಬರ ಪ್ರಯಾಣದ ವಿವರ ಪಡೆಯುವ ಯೋಚನೆ ಇದ್ದರೆ ಬಿಡಿ, ವೈಯಕ್ತಿಕ ಮಾಹಿತಿ ಎಂದು ನಿರಾಕರಿಸುತ್ತಾರೆ.

ಅಂದಹಾಗೆ, ಪ್ರವಾಸಿ ವೀಸಾದಲ್ಲಿ ಹೋಗಿ ಪ್ರವಚನ ಮಾಡಿದ್ದೇ ಅಪರಾಧ ಎಂದು ಹಾರಾಡುವುದೂ ತಪ್ಪು. ಅಮೆರಿಕದ ಬಿ-1 (ವ್ಯವಹಾರ ಭೇಟಿಯ) ವೀಸಾದಲ್ಲಿ ಸಂಬಳವಿಲ್ಲದೆ ಧರ್ಮಪ್ರಚಾರ ಪ್ರವಾಸ ಮಾಡಲು ಅವಕಾಶವಿದೆ, ಬ್ರಿಟನ್ನಿನ ವಿಸಿಟರ್ ವೀಸಾದಲ್ಲೂ ಹೊರದೇಶದ ಧರ್ಮಗುರುಗಳು ಉಪದೇಶ ಮಾಡಬಹುದು.

ಕರೆದವರು ಯಾರು?

ಕರೆದ ಸಂಸ್ಥೆ ಇದೆಯೇ ಎಂದು ನೋಡಲು ಕಚೇರಿ ಅಲೆಯಬೇಕಿಲ್ಲ. ಇಂಗ್ಲೆಂಡಿಗೆ ಚಾರಿಟಿ ಕಮಿಷನ್ನಿನ ರಿಜಿಸ್ಟರ್, ಕಂಪನಿಯಾದರೆ ಕಂಪನೀಸ್ ಹೌಸ್, ಅಮೆರಿಕಕ್ಕೆ ಅಲ್ಲಿನ ತೆರಿಗೆ ಇಲಾಖೆಯ ವಿನಾಯಿತಿ ಸಂಸ್ಥೆಗಳ ಪಟ್ಟಿ ಮತ್ತು ಫಾರ್ಮ್ 990 (ವಾರ್ಷಿಕ ಲೆಕ್ಕದ ವಿವರ), ಆಸ್ಟ್ರೇಲಿಯಾಕ್ಕೆ ಅಲ್ಲಿನ ದತ್ತಿ ಸಂಸ್ಥೆಗಳ ಆಯೋಗವಾದ ಎಸಿಎನ್‌ಸಿ. ಎಲ್ಲವೂ ಪುಕ್ಕಟೆ. ಕಂಪನೀಸ್ ಹೌಸ್‌ನಲ್ಲಿ ಸಂಸ್ಥೆ ಹುಟ್ಟಿದ ದಿನ, ನಿರ್ದೇಶಕರ ರಾಷ್ಟ್ರೀಯತೆ, ಅವರು ವಾಸಿಸುವ ದೇಶ ಕಾಣುತ್ತದೆ. "ಲಂಡನ್ನಿನ ವಿಶ್ವ ಧರ್ಮ ಪರಿಷತ್ತು" ಎಂಬಂಥ ಹೆಸರಿನ ಕಂಪನಿ ಪ್ರಶಸ್ತಿ ಕೊಡುವ ಎರಡು ತಿಂಗಳ ಹಿಂದೆ ಹುಟ್ಟಿ, ಅದರ ಏಕೈಕ ನಿರ್ದೇಶಕರ ವಾಸ ಭಾರತದಲ್ಲೇ ಇದ್ದರೆ ಪ್ರಶಸ್ತಿ ಎಲ್ಲಿಂದ ಹೊರಟಿತು ಎಂಬುದು ಗೊತ್ತಾಯಿತು. ಅಮೆರಿಕದಲ್ಲಿ ಚರ್ಚುಗಳು ಫಾರ್ಮ್ 990 ಸಲ್ಲಿಸಬೇಕಿಲ್ಲ. ಆದ್ದರಿಂದ ಚರ್ಚಿನ ಹೆಸರು ಅಲ್ಲಿ ಸಿಗಲಿಲ್ಲವೆಂದು ಅದು ಇಲ್ಲವೇ ಇಲ್ಲ ಎನ್ನಬಾರದು.

ಕನ್ನಡ ಕೂಟಗಳು, ಉತ್ತರ ಅಮೆರಿಕದ ವೀರಶೈವ ಸಮಾಜದಂಥ ಸಂಘಟನೆಗಳು ಸ್ವಯಂಸೇವಕರ ಬಲದ ಮೇಲೆ ನಡೆಯುತ್ತವೆ. ಪದಾಧಿಕಾರಿಗಳು ವರ್ಷ ಎರಡು ವರ್ಷಕ್ಕೆ ಬದಲಾಗುತ್ತಾರೆ, ಹಳೆಯ ಇಮೇಲ್ ಸತ್ತಿರುತ್ತದೆ. ಈಗಿನವರಿಗೆ ಬರೆದು ಆ ವರ್ಷದ ಅಧ್ಯಕ್ಷರ ಸಂಪರ್ಕ ಕೇಳಬೇಕು. ಸ್ಮರಣ ಸಂಚಿಕೆ, ಕಾರ್ಯಕ್ರಮ ಪಟ್ಟಿಯ ಪ್ರತಿ ಇದೆಯೇ ಎಂದೂ ಕೇಳಬೇಕು. ಪತ್ರ ಆರು ಸಾಲು ಮೀರಬಾರದು. "ಇಂಥವರು ಸುಳ್ಳು ಹೇಳುತ್ತಿದ್ದಾರಾ?" ಎಂದು ಬರೆದರೆ ಉತ್ತರ ಬರುವುದಿಲ್ಲ. ಇಂಥ ದಿನ ನಿಮ್ಮ ವೇದಿಕೆಯಲ್ಲಿ ಇವರು ಮಾತಾಡಿದರೇ, ಎಷ್ಟು ನಿಮಿಷ, ಸುಮಾರು ಎಷ್ಟು ಜನ, ಆಹ್ವಾನ ಮತ್ತು ಪ್ರಯಾಣದ ಖರ್ಚು ನಿಮ್ಮದೇ ಎಂದಿಷ್ಟೇ ಕೇಳಿದರೆ ಸಾಕು. ಹತ್ತು ದಿನ ಕಾದು ಉತ್ತರವಿಲ್ಲದಿದ್ದರೆ ಹಾಲ್‌ನ ಬುಕಿಂಗ್ ಕಚೇರಿಗೆ ಬರೆಯಿರಿ.

ಹುಡುಕುವಾಗ ಸ್ವಾಮೀಜಿಗಳ ಹೆಸರನ್ನು ಇಂಗ್ಲಿಷಿನಲ್ಲಿ ನಾಲ್ಕೈದು ಬಗೆಯಲ್ಲಿ ಬರೆದು ನೋಡಬೇಕು. ದಾವಣಗೆರೆಯ ಕಾಗುಣಿತವೇ ಇಂಗ್ಲಿಷಿನಲ್ಲಿ ಎರಡು ರೀತಿ. ಜಾಲತಾಣ ಮುಚ್ಚಿಹೋಗಿದ್ದರೆ ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನಿನಲ್ಲಿ ಆ ವರ್ಷದ ಪುಟ ಸಿಗಬಹುದು.

ಮೇಯರ್ ಕೊಟ್ಟ ಘೋಷಣಾ ಪತ್ರದ ಬಗ್ಗೆ ಒಂದು ಮಾತು. ಅಮೆರಿಕದ ಎಷ್ಟೋ ನಗರಗಳಲ್ಲಿ "ಇಂದು ಇಂಥವರ ದಿನ" ಎಂಬ ಘೋಷಣೆಗೆ ಜಾಲತಾಣದಲ್ಲೇ ಅರ್ಜಿ ನಮೂನೆ ಇರುತ್ತದೆ, ಒಕ್ಕಣೆಯನ್ನೂ ಕೇಳಿದವರೇ ಬರೆದುಕೊಡುತ್ತಾರೆ. ವಾಷಿಂಗ್ಟನ್ನಿನ ಕ್ಯಾಪಿಟಲ್ ಮೇಲೆ ಹಾರಿಸಿದ ಧ್ವಜ, ಅದರ ಪ್ರಮಾಣಪತ್ರ ಎರಡನ್ನೂ ದುಡ್ಡು ಕೊಟ್ಟು ತರಿಸಿಕೊಳ್ಳಬಹುದು. ಅಲ್ಲಿನ ಸಂಸತ್ತಿನಲ್ಲಿ ಅತಿಥಿಯಾಗಿ ಪ್ರಾರ್ಥನೆ ಸಲ್ಲಿಸಿದ್ದು ಬೇರೆ ವಿಷಯ, ಅದು ಕಾಂಗ್ರೆಷನಲ್ ರೆಕಾರ್ಡ್‌ನಲ್ಲಿ ದಾಖಲಾಗಿರುತ್ತದೆ. ಗೌರವ ಡಾಕ್ಟರೇಟ್‌ಗೆ ಹೆಚ್ಚು ಹೊತ್ತು ಬೇಡ: ಕೊಟ್ಟ ಸಂಸ್ಥೆ ಅಮೆರಿಕದ್ದಾದರೆ ಅಲ್ಲಿನ ಶಿಕ್ಷಣ ಇಲಾಖೆಯ ಮಾನ್ಯತಾ ಪಟ್ಟಿ, ಬ್ರಿಟನ್ನಿನದಾದರೆ ಸರ್ಕಾರದ ಮಾನ್ಯ ಸಂಸ್ಥೆಗಳ ಪಟ್ಟಿ, ಭಾರತದ್ದಾದರೆ ಯುಜಿಸಿ ಪಟ್ಟಿ ನೋಡಿ. ವಿದೇಶಿ ವಿಶ್ವವಿದ್ಯಾಲಯದ ಘಟಿಕೋತ್ಸವ ಬೆಂಗಳೂರಿನ ಹೋಟೆಲಿನಲ್ಲಿ ನಡೆದಿದ್ದರೆ ಅದನ್ನೂ ನೋಡುವುದು ಬೇಕಿಲ್ಲ.

ಫೋಟೊದ ಮೂಲೆಗಳು

ಫೋಟೊ ನೋಡುವಾಗ ಮುಖ ಬಿಟ್ಟು ಗೋಡೆ ನೋಡಬೇಕು. ದೊಡ್ಡದು ಮಾಡಿ ಸ್ವಿಚ್‌ಬೋರ್ಡ್ ಹುಡುಕಿ. ಮೂರು ದುಂಡು ತೂತಿನ ಸಾಕೆಟ್ ನಮ್ಮದು. ಆಯತಾಕಾರದ ಮೂರು ತೂತು, ಪಕ್ಕದಲ್ಲೇ ಸ್ವಿಚ್ ಇದ್ದರೆ ಬ್ರಿಟನ್, ದುಬೈ, ಸಿಂಗಾಪುರ, ಮಲೇಷ್ಯಾ. ಚಪ್ಪಟೆ ಎರಡು ಸೀಳು, ಕೆಳಗೊಂದು ದುಂಡು ತೂತು ಅಮೆರಿಕದ್ದು. ಬಾಗಿಲ ಮೇಲಿನ ಹೊರದಾರಿ ಫಲಕದಲ್ಲಿ ಓಡುವ ಹಸಿರು ಮನುಷ್ಯ ಯುರೋಪಿನಲ್ಲಿ ಸಾಮಾನ್ಯ, ಬೇರೆ ಕಡೆಯೂ ಇರುತ್ತಾನೆ. ಅಕ್ಷರದ ಫಲಕ ಅಮೆರಿಕದಲ್ಲಿ ಸಾಮಾನ್ಯ. ಕಾರಿನ ನಂಬರ್ ಪ್ಲೇಟ್ ಮುಂದೆ ಬಿಳಿ, ಹಿಂದೆ ಹಳದಿ ಇದ್ದರೆ ಹೆಚ್ಚಾಗಿ ಬ್ರಿಟನ್. ಲಂಡನ್ನಿನ ಡಿಸೆಂಬರ್ ಸಂಜೆ ಆರರ ಸಭೆಯ ಕಿಟಕಿಯಲ್ಲಿ ಬಿಸಿಲಿರಲು ಸಾಧ್ಯವಿಲ್ಲ, ನಾಲ್ಕಕ್ಕೇ ಕತ್ತಲು. ಜೂನ್‌ನಲ್ಲಿ ರಾತ್ರಿ ಒಂಬತ್ತಕ್ಕೂ ಬೆಳಕಿರುತ್ತದೆ. ಅದನ್ನು ಕಂಡು ಸುಳ್ಳು ಎಂದರೆ ತಪ್ಪು ನಿಮ್ಮದಾಗುತ್ತದೆ.

ವಾಟ್ಸಾಪಿನಲ್ಲಿ ಬಂದ ಫೋಟೊದಲ್ಲಿ ತೆಗೆದ ಜಾಗ, ಸಮಯದ ಮಾಹಿತಿ ಅಳಿಸಿಹೋಗಿರುತ್ತದೆ. ಫೈಲಿನ ಹೆಸರಲ್ಲಿರುವ ತಾರೀಖು ನಿಮಗೆ ಬಂದ ದಿನದ್ದು, ತೆಗೆದ ದಿನದ್ದಲ್ಲ. ಮೂಲ ಫೋಟೊವನ್ನು "ಡಾಕ್ಯುಮೆಂಟ್" ಆಗಿ ಕಳಿಸಲು ಕೇಳಿದರೆ ಮಾಹಿತಿ ಉಳಿಯುತ್ತದೆ. ಚಿತ್ರ ಹಾಕಿದರೆ ಅದು ಬೇರೆಲ್ಲಿದೆ ಎಂದು ಹುಡುಕಿಕೊಡುವ ಗೂಗಲ್ ಲೆನ್ಸ್, ಟಿನ್‌ಐ ಎರಡರಲ್ಲೂ ಹಾಕಿ ನೋಡಿ. ಸಿಗದಿದ್ದರೆ ಚಿತ್ರವನ್ನು ಎಡಬಲ ತಿರುಗಿಸಿ ಮತ್ತೊಮ್ಮೆ ಹಾಕಿ, ಏಕೆಂದರೆ ಕದ್ದ ಚಿತ್ರವನ್ನು ಮೊದಲು ಹಾಗೇ ತಿರುಗಿಸುತ್ತಾರೆ. ಜನಸಂದಣಿಗೆ ಸುಲಭ ಲೆಕ್ಕ: ಸಡಿಲವಾಗಿ ನಿಂತರೆ ಚದರ ಮೀಟರಿಗೆ ಒಬ್ಬರು, ಒತ್ತಾಗಿ ನಿಂತರೆ ಎರಡೂವರೆ, ಉಸಿರುಗಟ್ಟುವಂತಿದ್ದರೆ ನಾಲ್ಕು. ಮೂವತ್ತು ಮೀಟರ್ ಉದ್ದ, ಇಪ್ಪತ್ತು ಅಗಲದ ಹಾಲಿನಲ್ಲಿ ಕುರ್ಚಿ ಹಾಕಿ ಹತ್ತು ಸಾವಿರ ಜನ ಕೂರುವುದಿಲ್ಲ.

ಬರೆಯುವಾಗ

ಇಷ್ಟೆಲ್ಲ ನೋಡಿದ ಮೇಲೂ "ಸುಳ್ಳುಗಾರ" ಎಂದು ಬರೆಯುವುದು ಬುದ್ಧಿವಂತಿಕೆಯಲ್ಲ. ಮಾನಹಾನಿ ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್. ನಿಜವಾಗಿದ್ದು ಸಾರ್ವಜನಿಕ ಹಿತಕ್ಕಾಗಿ ಇದ್ದರೆ ರಕ್ಷಣೆಯುಂಟು, ಆದರೆ ನಿಜವೆಂದು ತೋರಿಸುವ ಹೊಣೆ ಬರೆದವರ ಮೇಲೆ ಬೀಳುತ್ತದೆ. ಧರ್ಮವನ್ನು ಎಳೆದು ತಂದರೆ ಧಾರ್ಮಿಕ ಭಾವನೆ ಕೆರಳಿಸುವ ಬಗೆಗಿನ 299ನೇ ಸೆಕ್ಷನ್ ಬೇರೆ. "2018ರ ಕಾರ್ಯಕ್ರಮ ಪಟ್ಟಿಯಲ್ಲಿ ಇವರ ಹೆಸರಿಲ್ಲ, ಸಂಘಟಕರು ಇಂಥ ದಿನ ಹೀಗೆ ಉತ್ತರಿಸಿದ್ದಾರೆ, ಇವರ ಪ್ರತಿಕ್ರಿಯೆ ಕೇಳಲಾಗಿದೆ" ಎಂದು ಬರೆದರೆ ಓದುಗರಿಗೆ ಅರ್ಥವಾಗುತ್ತದೆ, ಬರೆದವರಿಗೂ ಕ್ಷೇಮ. ಪ್ರವಚನಕಾರರಿಗೆ ಉತ್ತರಿಸಲು ಸಮಯ ಕೊಡಲೇಬೇಕು. ಪರಿಚಯದ ಪ್ಯಾರಾ ಬರೆದದ್ದು ಎಷ್ಟೋ ಸಲ ಅವರಲ್ಲ, ಹಿಂದಿನ ಊರಿನ ಉತ್ಸಾಹಿ ಭಕ್ತರು. ಕೇಳಿದಾಗ ತಾವೇ ಸಾಲು ಹೊಡೆದುಹಾಕಿಸುವವರೂ ಇದ್ದಾರೆ.

ದುಡ್ಡಿನ ದಾರಿ

ಇಷ್ಟು ಕಷ್ಟಪಡುವುದೇಕೆ ಎಂದರೆ ದುಡ್ಡಿಗಾಗಿ. "ವಿದೇಶದಲ್ಲಿ ಧರ್ಮಕೇಂದ್ರ" ಎಂದು ಇಲ್ಲಿ ಕಾಣಿಕೆ ಎತ್ತುತ್ತಾರೆ. ಟ್ರಸ್ಟಿಗೆ ದಾನಿಗಳ ತೆರಿಗೆ ರಿಯಾಯಿತಿಯ ನೋಂದಣಿ (1961ರ ಆದಾಯ ತೆರಿಗೆ ಕಾಯ್ದೆಯಲ್ಲಿ 80ಜಿ) ಇದ್ದರೆ ರಸೀದಿಯ ಜೊತೆ ವರ್ಷದ ಕೊನೆಗೆ ದಾನದ ಪ್ರಮಾಣಪತ್ರವೂ (ಆ ಕಾಯ್ದೆಯಡಿ 10ಬಿಇ) ಬರಬೇಕು. 2,000 ರೂಪಾಯಿಗಿಂತ ಹೆಚ್ಚಿನ ನಗದಿಗೆ ದಾನಿಗೆ ತೆರಿಗೆ ರಿಯಾಯಿತಿ ಇಲ್ಲ. ಆದ್ದರಿಂದ ದೊಡ್ಡ ಮೊತ್ತವನ್ನು ನಗದಾಗಿಯೇ ಕೊಡಿ ಎಂದು ಒತ್ತಾಯಿಸಿದರೆ ಎಚ್ಚರವಾಗಿರಿ. ಧರ್ಮದತ್ತಿ ಟ್ರಸ್ಟ್ ಭಾರತದ ಹೊರಗೆ ಮಾಡಿದ ಖರ್ಚಿಗೆ ನೇರ ತೆರಿಗೆ ಮಂಡಳಿಯ ಅನುಮತಿಯಿಲ್ಲದೆ ವಿನಾಯಿತಿ ಸಿಗುವುದಿಲ್ಲ. ಆ ಅನುಮತಿ ಪತ್ರ ಕೇಳಿದರೆ ಮಾತು ಅಲ್ಲಿಗೇ ನಿಲ್ಲುವುದುಂಟು.

ಹೊರಗಿನಿಂದ ಬರುವ ಹಣಕ್ಕೆ 2010ರ ವಿದೇಶಿ ವಂತಿಗೆ ಕಾಯ್ದೆಯ ನೋಂದಣಿ ಬೇಕು. ಹಣ ಮೊದಲು ಇಳಿಯಬೇಕಾದದ್ದು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೆ. ಇಲ್ಲೊಂದು ಸೂಕ್ಷ್ಮವಿದೆ. ಭಾರತದ ಪೌರತ್ವ ಉಳಿಸಿಕೊಂಡ ಅನಿವಾಸಿ ಕನ್ನಡಿಗರು ಬ್ಯಾಂಕ್ ಮೂಲಕ ತಮ್ಮ ಉಳಿತಾಯದಿಂದ ಕೊಟ್ಟದ್ದು ವಿದೇಶಿ ವಂತಿಗೆಯಲ್ಲ. ಅಮೆರಿಕದ ಪೌರರಾಗಿ ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಹೊಂದಿರುವವರು ಕೊಟ್ಟರೆ ಅದು ವಿದೇಶಿ ವಂತಿಗೆಯೇ. ಒಂದೇ ಮನೆಯ ಅಣ್ಣ ತಮ್ಮಂದಿರ ದಾನಕ್ಕೂ ಬೇರೆ ಬೇರೆ ಕಾನೂನು ಅನ್ವಯಿಸಬಹುದು. ನೋಂದಾಯಿತ ಸಂಸ್ಥೆಗಳು ಪ್ರತಿ ವರ್ಷ ಎಫ್‌ಸಿ-4 ಲೆಕ್ಕಪತ್ರ ಸಲ್ಲಿಸಬೇಕು. 2022ರ ಜುಲೈನಲ್ಲಿ ಗೃಹ ಸಚಿವಾಲಯ ಅವನ್ನು ಸಾರ್ವಜನಿಕ ಜಾಲತಾಣದಿಂದ ತೆಗೆದುಹಾಕಿತು, ಹಾಗಾಗಿ ಪ್ರತಿಯನ್ನು ಟ್ರಸ್ಟಿನಿಂದಲೇ ಕೇಳಬೇಕು.

ಇಲ್ಲಿ ಅಮೆರಿಕ ತೋರಿಸುವವರು ಅಮೆರಿಕದಲ್ಲಿ ಇಲ್ಲಿಯದನ್ನು ತೋರಿಸುತ್ತಾರೆ ಎಂಬುದು ನಮ್ಮವರ ಗಮನಕ್ಕೆ ಬರುವುದು ಕಡಿಮೆ. "ಚಿತ್ರದುರ್ಗದ ಹಳ್ಳಿಯಲ್ಲಿ 300 ಅನಾಥ ಮಕ್ಕಳನ್ನು ಸಾಕುತ್ತಿದ್ದೇವೆ" ಎಂಬ ಸ್ಲೈಡ್ ಹಾಕಿ ಅಲ್ಲಿ ಕಾಣಿಕೆ ತಟ್ಟೆ ಸುತ್ತಿಸಿದ್ದನ್ನು ಅಲ್ಲಿನ ದಾನಿ ಪರೀಕ್ಷಿಸಲಾರರು. ಇಲ್ಲಿನವರು ಒಂದು ಮಧ್ಯಾಹ್ನದಲ್ಲಿ ಪರೀಕ್ಷಿಸಬಹುದು. ಅನಾಥ ಮಕ್ಕಳನ್ನು ಇಟ್ಟುಕೊಳ್ಳುವ ಯಾವುದೇ ಸಂಸ್ಥೆ 2015ರ ಬಾಲನ್ಯಾಯ ಕಾಯ್ದೆಯ 41ನೇ ಸೆಕ್ಷನ್ ಪ್ರಕಾರ ನೋಂದಣಿ ಮಾಡಿಸಿರಬೇಕು. ಇಲ್ಲದಿದ್ದರೆ ಒಂದು ವರ್ಷದವರೆಗೆ ಜೈಲು, ಕನಿಷ್ಠ ಒಂದು ಲಕ್ಷ ದಂಡ ಅಥವಾ ಎರಡೂ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಸಂಸ್ಥೆಯ ಹೆಸರು ಹೇಳಿ ನೋಂದಣಿ ಇದೆಯೇ, ಎಷ್ಟು ಮಕ್ಕಳಿಗೆ, ಎಲ್ಲಿಯವರೆಗೆ ಎಂದು ಲಿಖಿತವಾಗಿ ಕೇಳಬೇಕು. ಮಕ್ಕಳ ಹೆಸರು, ಫೋಟೊ ಕೇಳಬಾರದು, ಕೊಡುವುದೂ ಇಲ್ಲ. ಪ್ರಮಾಣಪತ್ರದಲ್ಲಿ 25 ಮಕ್ಕಳಿಗೆ ಅನುಮತಿ ಇದ್ದು ಅಲ್ಲಿನ ಸ್ಲೈಡಿನಲ್ಲಿ 300 ಇದ್ದರೆ, ಆ ಎರಡು ಹಾಳೆಗಳನ್ನು ಕರೆಸಿಕೊಂಡ ಸಂಸ್ಥೆಯ ಖಜಾಂಚಿಗೆ ಇಮೇಲ್ ಮಾಡಿದರೆ ಸಾಕು.